ಡೆಂಕೆನ್‌ಡಾರ್ಫಿನ ಮೇಷ್ಟ್ರು: ಬೆಂಗೆಲ್ ಮತ್ತು 30,000 ಪಾಠಾಂತರಗಳು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಬ್ಬ ಶಾಲಾ ಮೇಷ್ಟ್ರ ಬಗ್ಗೆ. ಹೆಸರು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಜರ್ಮನಿಯ ದಕ್ಷಿಣಕ್ಕಿರುವ ವುರ್ಟೆಂಬರ್ಗ್ ಸೀಮೆಯವರು. ಹುಟ್ಟಿದ್ದು 1687ರ ಜೂನ್ 24ರಂದು, ತೀರಿಕೊಂಡದ್ದು 1752ರ ನವೆಂಬರ್ 2ರಂದು. ಈ 65 ವರ್ಷಗಳಲ್ಲಿ 28 ವರ್ಷವನ್ನು ಅವರು ಒಂದೇ ಊರಿನ ಒಂದೇ ಶಾಲೆಯಲ್ಲಿ ಕಳೆದರು. ಹದಿಹರೆಯದ ಹುಡುಗರಿಗೆ ಲ್ಯಾಟಿನ್, ಗ್ರೀಕ್ ಹೇಳಿಕೊಟ್ಟರು. ಬೈಬಲ್ಲಿನ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೇಗೆ ಓದಬೇಕು, ಒಂದಕ್ಕೊಂದು ಹೊಂದದ ಪಾಠಗಳಲ್ಲಿ ಯಾವುದನ್ನು ಒಪ್ಪಬೇಕು ಎಂಬ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಇವರೂ ಒಬ್ಬರು. ಆ ಕೆಲಸವನ್ನೆಲ್ಲ ಅವರು ಮಾಡಿದ್ದು ಪಾಠ ಹೇಳುತ್ತಲೇ, ಮಕ್ಕಳ ಕಾಪಿ ತಿದ್ದುತ್ತಲೇ.

ಓಲೆಗರಿ ಓದಿ ಅಭ್ಯಾಸ ಇರುವವರು, ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಕೈಯಾಡಿಸಿದವರು ಈ ಸಭೆಯಲ್ಲಿ ಇದ್ದೀರಿ. ನಿಮಗೆ ಈ ಮನುಷ್ಯನ ಕಷ್ಟ ಬೇಗ ಅರ್ಥವಾಗುತ್ತದೆ. ಉಳಿದವರಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನ ಪಡುತ್ತೇನೆ.

ಮೊದಲು ಬಾಲ್ಯದ ವಿಷಯ ಸ್ವಲ್ಪ. ಬೆಂಗೆಲ್ ಹುಟ್ಟಿದ ಊರು ವಿನ್ನೆಂಡೆನ್. ತಂದೆ ಅಲ್ಲಿನ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪಾದ್ರಿ. 1693ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಫ್ರಾನ್ಸಿನ 14ನೇ ಲೂಯಿಯ ಸೈನ್ಯ ಆ ಸೀಮೆಗೆ ನುಗ್ಗಿತು. ಮನೆ ಸುಟ್ಟುಹೋಯಿತು. ತಂದೆ ಕೂಡಿಟ್ಟಿದ್ದ ಪುಸ್ತಕಗಳೂ ಹೋದವು. ಹುಡುಗನಿಗೆ ಆಗ 6ರ ಆಸುಪಾಸು. ಸ್ಪಿಂಡ್ಲರ್ ಎಂಬ ಒಬ್ಬ ಉಪಾಧ್ಯಾಯರು ಅವನನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ಓದಿಸಿದರು. ಅವರಿಗೆ ವರ್ಗವಾದ ಊರಿಗೆಲ್ಲ ಇವನೂ ಹೋದ. ಹಾಗೆ ಬೆಳೆದು ಸ್ಟುಟ್‌ಗಾರ್ಟಿನ ಶಾಲೆ ಸೇರಿದ. 1703ರಲ್ಲಿ, 16ನೇ ವಯಸ್ಸಿಗೆ, ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದ. ಮೇಷ್ಟ್ರೊಬ್ಬರ ಮನೆಯಲ್ಲಿ ಅನ್ನ ಉಂಡು ಬೆಳೆದ ಹುಡುಗ ಮುಂದೆ ತಾನೂ ಮೇಷ್ಟ್ರಾದದ್ದು ನನಗೆ ಬಹಳ ಸಹಜ ಅನ್ನಿಸುತ್ತದೆ.

ಟ್ಯೂಬಿಂಗೆನ್‌ನಲ್ಲಿ ಬೆಂಗೆಲ್ ಬರೀ ಭಕ್ತಿಯ ಪುಸ್ತಕ ಓದಿಕೊಂಡು ಕೂತವರಲ್ಲ. ತತ್ತ್ವಜ್ಞಾನಿ ಸ್ಪಿನೋಜಾ ಎಂದರೆ ಆ ಕಾಲದ ಚರ್ಚಿನವರಿಗೆ ಕೆಂಡದಂಥ ಕೋಪ. ಒಬ್ಬ ಪ್ರೊಫೆಸರರು ಸ್ಪಿನೋಜಾನ ವಿಚಾರದ ಬಗ್ಗೆ ಗ್ರಂಥ ಬರೆಯುವಾಗ ಅದಕ್ಕೆ ಸಾಮಗ್ರಿ ಒದಗಿಸಿಕೊಟ್ಟದ್ದು ಈ ವಿದ್ಯಾರ್ಥಿಯೇ. ಅಷ್ಟು ಚೆನ್ನಾಗಿ ಅವನನ್ನು ಓದಿಕೊಂಡಿದ್ದರು. ಒಪ್ಪದ ಮಾತನ್ನೂ ಪೂರ್ತಿ ಓದಿ ತಿಳಿದುಕೊಳ್ಳುವ ಬುದ್ಧಿ ಆಗಲೇ ಇತ್ತು.

ಅದೇ ದಿನಗಳಲ್ಲಿ ಅವರಿಗೆ ಒಂದು ಕಳವಳ ಹತ್ತಿಕೊಂಡಿತು. ಅದು ಕೊನೆಯ ತನಕ ಬಿಡಲಿಲ್ಲ.

ಅವರು ಓದುತ್ತಿದ್ದದ್ದು ಆಕ್ಸ್‌ಫರ್ಡಿನಲ್ಲಿ ಸಿದ್ಧವಾದ ಒಂದು ಗ್ರೀಕ್ ಹೊಸ ಒಡಂಬಡಿಕೆ. ಹಾಲೆ ಎಂಬ ಊರಿನ ಫ್ರಾಂಕೆ ಎಂಬ ಭಕ್ತ ವಿದ್ವಾಂಸರು ಅದನ್ನು 1702ರಲ್ಲಿ ಜರ್ಮನಿಯಲ್ಲಿ ಮರುಮುದ್ರಣ ಮಾಡಿಸಿದ್ದರು. ಅದರಲ್ಲಿ ಪುಟದ ಕೆಳಗೆ ಪಾಠಾಂತರಗಳು ಅಚ್ಚಾಗಿದ್ದವು. ಈ ಹಸ್ತಪ್ರತಿಯಲ್ಲಿ ಹೀಗಿದೆ, ಆ ಹಸ್ತಪ್ರತಿಯಲ್ಲಿ ಹಾಗಿದೆ, ಇನ್ನೊಂದರಲ್ಲಿ ಈ ಪದವೇ ಇಲ್ಲ. ದೇವರ ಮಾತು ಎಂದು ನಂಬಿ ಓದಲು ಕೂತ ಹುಡುಗನಿಗೆ ಇದನ್ನು ಕಂಡು ಏನಾಗಿರಬೇಡ! ಒಂದು ವಾಕ್ಯ ಮೂರು ಥರ ಇದ್ದರೆ ದೇವರು ಹೇಳಿದ್ದು ಯಾವುದು?

1707ರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ ತಮ್ಮ ಗ್ರೀಕ್ ಹೊಸ ಒಡಂಬಡಿಕೆಯನ್ನು ಹೊರತಂದರು. 30 ವರ್ಷದ ಕೆಲಸ. ಪುಸ್ತಕ ಹೊರಬಂದ ಎರಡೇ ವಾರಕ್ಕೆ ಅವರು ತೀರಿಕೊಂಡರು. ಮಿಲ್ ಲೆಕ್ಕ ಹಾಕಿದ ಪಾಠಾಂತರಗಳು ಸುಮಾರು 30,000. ಯುರೋಪಿನಲ್ಲಿ ಗದ್ದಲ ಎದ್ದಿತು. ಧರ್ಮವನ್ನು ಪ್ರಶ್ನಿಸುವವರು, 'ನೋಡಿ, ನಿಮ್ಮ ಗ್ರಂಥದ ಪಾಡು ಇದು' ಎಂದರು. ಭಕ್ತರಲ್ಲಿ ಕೆಲವರು, ಇದನ್ನೆಲ್ಲ ಅಚ್ಚು ಹಾಕಿಸುವ ಅಗತ್ಯವಾದರೂ ಏನಿತ್ತು ಎಂದು ಮಿಲ್ ಅವರನ್ನೇ ಬೈದರು. ಹಸ್ತಪ್ರತಿ ಹೆಚ್ಚು ಸಿಕ್ಕಷ್ಟೂ ಪಾಠಾಂತರ ಹೆಚ್ಚುತ್ತವೆ, ಜೊತೆಗೆ ಮೂಲವನ್ನು ಕಂಡುಹಿಡಿಯುವ ದಾರಿಗಳೂ ಹೆಚ್ಚುತ್ತವೆ ಎಂದು ಕೇಂಬ್ರಿಜಿನ ರಿಚರ್ಡ್ ಬೆಂಟ್ಲಿ 1713ರಲ್ಲಿ ಬಿಡಿಸಿ ಹೇಳಿದರು. ನೂರು ಪ್ರತಿ ಇದ್ದರೆ ಒಂದರ ತಪ್ಪನ್ನು ಇನ್ನೊಂದರಿಂದ ಹಿಡಿಯಬಹುದು. ಒಂದೇ ಪ್ರತಿ ಉಳಿದಿದ್ದರೆ ಅದರಲ್ಲಿ ಪಾಠಾಂತರವೇ ಇರುವುದಿಲ್ಲ, ನಿಜ. ಆದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದೂ ಇಲ್ಲ.

ಬೆಂಗೆಲ್ ತಮ್ಮ ಕಳವಳವನ್ನು ಮುಚ್ಚಿಡಲಿಲ್ಲ. ಅದಕ್ಕೆ ಹೆದರಿ ನಂಬಿಕೆಯನ್ನೂ ಬಿಡಲಿಲ್ಲ. ಪ್ರತಿಗಳನ್ನು ಕೂಡಿಸಿ, ಒಂದೊಂದಾಗಿ ಹೋಲಿಸಿ ನೋಡಿಯೇ ಬಿಡೋಣ ಎಂದು ಕೂತರು. ಅವರ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ತಾನು ಪ್ರೀತಿಸುವ ಗ್ರಂಥದ ಬಗ್ಗೆ ಕೆಟ್ಟ ಸುದ್ದಿ ಬಂದಾಗ ಅದನ್ನು ತಾನೇ ಹೋಗಿ ಪರೀಕ್ಷೆ ಮಾಡಿ, ಎಷ್ಟು ಖಾತ್ರಿ ಎಷ್ಟು ಅನುಮಾನ ಎಂದು ಓದುಗರ ಎದುರಿಗೆ ತೆರೆದಿಟ್ಟ ಮನುಷ್ಯ ಇವರು.

ಈಗ ಶಾಲೆಗೆ ಬರೋಣ. ಎಸ್ಲಿಂಗೆನ್ ಪಟ್ಟಣದ ಹತ್ತಿರ ಡೆಂಕೆನ್‌ಡಾರ್ಫ್ ಎಂಬ ಊರಿದೆ. ಅಲ್ಲಿ ಹಳೆಯ ಕ್ರೈಸ್ತ ಮಠ ಒಂದಿತ್ತು. ಮಾರ್ಟಿನ್ ಲೂಥರ್ ಅವರ ಸುಧಾರಣೆ ವುರ್ಟೆಂಬರ್ಗಿಗೆ ಬಂದ ಮೇಲೆ ಅಲ್ಲಿನ ದೊರೆ ಕ್ರಿಸ್ಟೋಫ್ 1556ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ. ಸೀಮೆಯ ಮಠಗಳನ್ನು ಶಾಲೆ ಮಾಡಿದ. ಚುರುಕು ಹುಡುಗರನ್ನು ಪರೀಕ್ಷೆ ಇಟ್ಟು ಆರಿಸುವುದು, ಅವರಿಗೆ ಊಟ ವಸತಿ ಓದು ಎಲ್ಲ ಪುಕ್ಕಟೆ ಕೊಡುವುದು, ಆಮೇಲೆ ಟ್ಯೂಬಿಂಗೆನ್‌ಗೆ ಕಳಿಸಿ ಪಾದ್ರಿಗಳನ್ನಾಗಿ ಮಾಡುವುದು. ನಮ್ಮ ಕಡೆ ಮಠದ ಉಚಿತ ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಈ ಏರ್ಪಾಡಿನ ಬೆಲೆ ಗೊತ್ತಿರುತ್ತದೆ. ಬಡ ಮನೆಯ ಹುಡುಗನಿಗೂ ಅದರಿಂದ ಗ್ರೀಕ್ ಓದುವ ದಾರಿ ತೆರೆಯಿತು.

ಬೆಂಗೆಲ್‌ಗೆ ಅಲ್ಲಿ ಕೆಲಸ ಗೊತ್ತಾದದ್ದು 1713ರಲ್ಲಿ. ಕೆಲಸಕ್ಕೆ ಸೇರುವ ಮುಂಚೆ ಅವರು ಜರ್ಮನಿಯ ಬಹುಭಾಗ ಸುತ್ತಿ ಬಂದರು. ಎಲ್ಲೆಲ್ಲಿ ಹೇಗೆ ಪಾಠ ಹೇಳುತ್ತಾರೆ ಎಂದು ನೋಡುವುದೇ ಆ ಪ್ರವಾಸದ ಉದ್ದೇಶ. ಹಾಲೆಯಲ್ಲಿ ಫ್ರಾಂಕೆಯವರ ಶಾಲೆಗಳನ್ನು ನೋಡಿದರು. ಲೂಥರನ್ ಶಾಲೆ, ರಿಫಾರ್ಮ್ಡ್ ಸಭೆಯವರ ಶಾಲೆ ನೋಡಿದ್ದು ಸರಿ, ಕ್ಯಾಥೊಲಿಕ್ ಜೆಸ್ವಿಟ್ ಪಾದ್ರಿಗಳ ಶಾಲೆಗೂ ಹೋದರು. ಆ ಕಾಲದಲ್ಲಿ ಒಬ್ಬ ಲೂಥರನ್ ತರುಣ ಜೆಸ್ವಿಟರ ಬಾಗಿಲಿಗೆ ಕಲಿಯಲು ಹೋಗುವುದು ಸಣ್ಣ ಮಾತಲ್ಲ. ಎರಡು ಪಂಗಡಗಳ ನಡುವಿನ 30 ವರ್ಷದ ಯುದ್ಧ ಮುಗಿದು ಆಗ 65 ವರ್ಷ ಅಷ್ಟೇ ಆಗಿತ್ತು. ಮೇಷ್ಟ್ರಾಗುವವನಿಗೆ ಒಳ್ಳೆಯ ಪಾಠಕ್ರಮ ಯಾರ ಹತ್ತಿರ ಇದ್ದರೇನು, ಅಲ್ವಾ?

ಶಾಲೆಗೆ ಸೇರಿದಾಗ ಪದ್ಧತಿಯಂತೆ ಒಂದು ಭಾಷಣ ಮಾಡಿದರು. ನಿಜವಾದ ವಿದ್ಯೆಗೆ ಖಚಿತವಾದ ದಾರಿ ಭಕ್ತಿಯ ಅಭ್ಯಾಸ ಎನ್ನುವುದು ಅದರ ವಿಷಯ. ಮರುವರ್ಷ ಯೊಹಾನಾ ರೆಗಿನಾ ಸೀಗರ್ ಅವರನ್ನು ಮದುವೆಯಾದರು. ಅವರಿಗೆ 12 ಮಕ್ಕಳು ಹುಟ್ಟಿದರು. 6 ಮಕ್ಕಳು ಎಳೆತನದಲ್ಲೇ ಹೋದರು. ಅವರ ಪುಸ್ತಕಗಳ ಇಸವಿಗಳನ್ನು ಓದುವಾಗ ಈ ಸಂಗತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ಆ ಪುಟಗಳೆಲ್ಲ ತಣ್ಣಗೆ ಕೂತು ಬರೆದವಲ್ಲ.

ಡೆಂಕೆನ್‌ಡಾರ್ಫಿನಲ್ಲಿ ಹುಡುಗರು ಎರಡು ವರ್ಷ ಇರುತ್ತಿದ್ದರು. ಆಮೇಲೆ ಮೌಲ್‌ಬ್ರಾನ್ ಮಠದ ಶಾಲೆಗೆ, ಅಲ್ಲಿಂದ ಟ್ಯೂಬಿಂಗೆನ್‌ಗೆ. ಎರಡು ವರ್ಷಕ್ಕೊಮ್ಮೆ ಹೊಸ ತಂಡ. ಪ್ರತಿ ತಂಡದ ಜೊತೆಯೂ ಬೆಂಗೆಲ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಮೊದಲಿನಿಂದ ಕೊನೆಯ ತನಕ ಓದುತ್ತಿದ್ದರು. 28 ವರ್ಷದಲ್ಲಿ ಸುಮಾರು 300 ಹುಡುಗರು ಅವರ ಕೈಯಲ್ಲಿ ಕಲಿತರು. ಅದೇ ಗ್ರಂಥ, ಅದೇ ವಾಕ್ಯ, ಎದುರಿಗೆ ಮಾತ್ರ ಹೊಸ ಮುಖ, ಹೊಸ ಪ್ರಶ್ನೆ. ಪಾಠ ಹೇಳಿದವರಿಗೆ ಇದು ಗೊತ್ತು. ಹತ್ತು ಸಲ ಹೇಳಿದ ಪಾಠದಲ್ಲಿ ಹನ್ನೊಂದನೆಯ ಸಲ ಒಬ್ಬ ಹುಡುಗ ಕೇಳುವ ಪ್ರಶ್ನೆಗೆ ಉತ್ತರ ಹೊಳೆಯದೆ ರಾತ್ರಿ ಕೂತು ಹುಡುಕಬೇಕಾಗುತ್ತದೆ. ಬೆಂಗೆಲ್ ಹಾಗೆ ಟಿಪ್ಪಣಿ ಬರೆಯುತ್ತಾ ಹೋದರು.

ಹುಡುಗರಿಗಾಗಿಯೇ ಅವರು ಅಚ್ಚು ಹಾಕಿಸಿದ ಮೊದಲ ಪುಸ್ತಕಗಳು ಬೈಬಲ್ ಅಲ್ಲ. 1719ರಲ್ಲಿ ರೋಮಿನ ವಾಗ್ಮಿ ಸಿಸೆರೊನ ಪತ್ರಗಳು. 1722ರಲ್ಲಿ ಗ್ರೆಗರಿ ಎಂಬ ಹಳೆಯ ಬಿಷಪ್ ತನ್ನ ಗುರು ಓರಿಜೆನ್‌ನನ್ನು ಹೊಗಳಿ ಮಾಡಿದ ಭಾಷಣ. 1725ರಲ್ಲಿ ಇನ್ನೊಬ್ಬ ಹಳೆಯ ಬಿಷಪ್ ಕ್ರಿಸೊಸ್ಟೊಮ್ ಪೌರೋಹಿತ್ಯದ ಬಗ್ಗೆ ಬರೆದ ಗ್ರಂಥ. ಈ ಮೂರನೆಯದರ ಕೊನೆಗೆ ಒಂದು ಪ್ರಕಟಣೆ ಸೇರಿಸಿದರು. ಗ್ರೀಕ್ ಹೊಸ ಒಡಂಬಡಿಕೆಯನ್ನು ಎಚ್ಚರದಿಂದ ಸಂಪಾದಿಸಬೇಕು ಎಂದುಕೊಂಡಿದ್ದೇನೆ, ನನ್ನ ಕ್ರಮ ಹೀಗಿರುತ್ತದೆ ಎಂದು ಅದರಲ್ಲಿ ಮೊದಲೇ ಸಾರಿದರು. ಕ್ರಮ ಮೊದಲೇ ಬಹಿರಂಗ ಆದರೆ ಆಮೇಲೆ ತನಗೆ ಬೇಕಾದ ಹಾಗೆ ಬದಲಾಯಿಸಲು ಆಗುವುದಿಲ್ಲ.

ಡೆಂಕೆನ್‌ಡಾರ್ಫಿನಲ್ಲಿ ದೊಡ್ಡ ಗ್ರಂಥಾಲಯ ಇರಲಿಲ್ಲ. ಆಕ್ಸ್‌ಫರ್ಡಿಗೋ ಪ್ಯಾರಿಸ್ಸಿಗೋ ಹೋಗಿ ಬರುವ ಅನುಕೂಲ ಮೇಷ್ಟ್ರಿಗೆ ಎಲ್ಲಿಯದು? ಕಾಗದ ಬರೆದರು. ಆಗ್ಸ್‌ಬರ್ಗ್, ಬಾಸೆಲ್, ಹೀಗೆ ಊರೂರಿನ ವಿದ್ವಾಂಸರಿಗೆ ಬರೆದು ಹಸ್ತಪ್ರತಿಗಳ ವಿವರ ತರಿಸಿಕೊಂಡರು. 20ಕ್ಕೂ ಹೆಚ್ಚು ಹಸ್ತಪ್ರತಿಗಳ ಪಾಠ ಅವರ ಕೈ ಸೇರಿತು. ಅದರಲ್ಲಿ 12 ಪ್ರತಿಗಳನ್ನು ಅವರೇ ಅಕ್ಷರ ಅಕ್ಷರ ಹೋಲಿಸಿ ನೋಡಿದ್ದರು. ನಿಜ ಹೇಳಬೇಕೆಂದರೆ ಅವುಗಳಲ್ಲಿ ಯಾವುದೂ ಬಹಳ ಮುಖ್ಯವಾದ ಹಸ್ತಪ್ರತಿ ಅಲ್ಲ. ಮಿಲ್ ಅವರ ಹತ್ತಿರ ಇದ್ದ ಸಾಮಗ್ರಿಯ ಮುಂದೆ ಇದು ಏನೂ ಅಲ್ಲ. ಹಾಗಿದ್ದರೂ ಬೆಂಗೆಲ್ ಮಿಲ್‌ರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಮಿಲ್ ಪಾಠಾಂತರಗಳನ್ನು ಕೂಡಿಸಿದ್ದರು. ಕೂಡಿಸಿದ್ದನ್ನು ಹೇಗೆ ಬಗೆಹರಿಸಬೇಕು ಎಂಬುದನ್ನು ಬೆಂಗೆಲ್ ಯೋಚಿಸಿದರು.

ಅವರು ಕಂಡುಕೊಂಡದ್ದರಲ್ಲಿ ಎರಡು ವಿಷಯ ಹೇಳುತ್ತೇನೆ.

ಹಸ್ತಪ್ರತಿಗಳು ಒಂಟಿಯಾಗಿ ಹುಟ್ಟುವುದಿಲ್ಲ. ಒಂದನ್ನು ನೋಡಿ ಇನ್ನೊಂದನ್ನು ಬರೆದಿರುತ್ತಾರೆ. ಹಾಗಾಗಿ ಅವುಗಳಿಗೂ ವಂಶ ಇರುತ್ತದೆ. ಒಂದೇ ತಪ್ಪು 80 ಪ್ರತಿಗಳಲ್ಲಿ ಇದ್ದರೆ 80 ಸಾಕ್ಷಿಗಳು ಇದ್ದಾರೆ ಎಂದು ಅರ್ಥವಲ್ಲ. ಎಲ್ಲೋ ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಉಳಿದವರೆಲ್ಲ ನೋಡಿ ಬರೆದಿರಬಹುದು. ಬೆಂಗೆಲ್ ಹಸ್ತಪ್ರತಿಗಳನ್ನು ಎರಡು ಗುಂಪು ಮಾಡಿದರು. ಕಾನ್‌ಸ್ಟಾಂಟಿನೋಪಲ್ ಸುತ್ತಮುತ್ತ ಹುಟ್ಟಿದ, ಸಂಖ್ಯೆಯಲ್ಲಿ ಜಾಸ್ತಿ ಇರುವ, ಈಚಿನ ಕಾಲದ ಗುಂಪನ್ನು ಏಷ್ಯಾದ ಗುಂಪು ಎಂದರು. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಹಳೆಯದಾದ ಗುಂಪನ್ನು ಆಫ್ರಿಕಾದ ಗುಂಪು ಎಂದರು. ಪ್ರತಿಗಳನ್ನು ಎಣಿಸಿದರೆ ಸಾಲದು, ತೂಗಿ ನೋಡಬೇಕು ಎಂದು ಹೇಳಿದರು. ಮುಂದಿನ ಇನ್ನೂರು ವರ್ಷದ ಕೆಲಸ ಈ ವಿಂಗಡಣೆಯ ಮೇಲೆ ಬೆಳೆಯಿತು. ಆಮೇಲಿನ ವಿದ್ವಾಂಸರಾದ ಜೆಮ್ಲರ್, ಗ್ರೀಸ್‌ಬಾಕ್ ಇದನ್ನು ತಿದ್ದಿ ವಿಸ್ತರಿಸಿದರು.

ಇನ್ನೊಂದು ಅವರ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಂಡ ಸೂತ್ರ. ಎರಡು ಪಾಠಗಳಲ್ಲಿ ಒಂದು ಸಲೀಸಾಗಿ ಇದ್ದು ಇನ್ನೊಂದು ತೊಡಕಾಗಿ ಇದ್ದರೆ, ತೊಡಕಾದದ್ದೇ ಮೂಲ ಇರುವ ಸಂಭವ ಹೆಚ್ಚು. ಕೇಳಿದಾಗ ಇದು ತಲೆಕೆಳಗು ಅನ್ನಿಸುತ್ತದೆ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದ 2ನೇ ವಚನ. ಕೆಲವು ಹಸ್ತಪ್ರತಿಗಳಲ್ಲಿ 'ಪ್ರವಾದಿಯಾದ ಯೆಶಾಯನಲ್ಲಿ ಬರೆದಿರುವಂತೆ' ಎಂದಿದೆ. ಬೇರೆ ಅನೇಕ ಪ್ರತಿಗಳಲ್ಲಿ 'ಪ್ರವಾದಿಗಳಲ್ಲಿ ಬರೆದಿರುವಂತೆ' ಎಂದಿದೆ. ಆಮೇಲೆ ಬರುವ ಮಾತು ನೋಡಿ. ಅದರ ಮೊದಲ ಭಾಗ ಮಲಾಕಿಯ ಗ್ರಂಥದ್ದು, ಎರಡನೆಯ ಭಾಗ ಮಾತ್ರ ಯೆಶಾಯನದು. ಈಗ ಲಿಪಿಕಾರನ ಜಾಗದಲ್ಲಿ ಕೂತು ಯೋಚಿಸಿ. ಅವನು ಬೈಬಲ್ ಚೆನ್ನಾಗಿ ಬಲ್ಲವನು. ಯೆಶಾಯ ಎಂದು ಬರೆದಿರುವುದನ್ನು ನೋಡಿ, 'ಅಯ್ಯೋ, ಇಲ್ಲಿ ಮಲಾಕಿಯೂ ಇದ್ದಾನಲ್ಲ' ಎಂದು 'ಪ್ರವಾದಿಗಳಲ್ಲಿ' ಎಂದು ತಿದ್ದುತ್ತಾನೆ. ಅದು ಅರ್ಥವಾಗುತ್ತದೆ. ಸರಿಯಾಗಿರುವ 'ಪ್ರವಾದಿಗಳಲ್ಲಿ' ಎಂಬುದನ್ನು ಕೆಡಿಸಿ 'ಯೆಶಾಯ' ಎಂದು ಯಾಕೆ ತಿದ್ದುತ್ತಾನೆ? ಕಾರಣವೇ ಕಾಣುವುದಿಲ್ಲ. ಹಾಗಾಗಿ ತೊಡಕಿನ ಪಾಠವೇ ಮೂಲ. ಇವತ್ತಿನ ವಿದ್ವಾಂಸರು ಬಹುತೇಕ ಅದನ್ನೇ ಒಪ್ಪುತ್ತಾರೆ.

ಹಳಗನ್ನಡದವರಿಗೆ ಇದು ಹೊಸತಲ್ಲ. ೞ ಮತ್ತು ಱ ಬಳಕೆ ತಪ್ಪಿಹೋದ ಮೇಲೆ ಹುಟ್ಟಿದ ಲಿಪಿಕಾರರು ಅವುಗಳ ಜಾಗದಲ್ಲಿ ಳ, ರ ಬರೆದುಬಿಟ್ಟಿದ್ದಾರೆ. ಒಂದು ಓಲೆಗರಿ ಪ್ರತಿಯಲ್ಲಿ ೞಕಾರ ಉಳಿದಿದ್ದು ಉಳಿದ ಪ್ರತಿಗಳಲ್ಲಿ ಳಕಾರ ಇದ್ದರೆ ಸಂಪಾದಕರ ಕಣ್ಣು ಎಲ್ಲಿಗೆ ಹೋಗುತ್ತದೆ? ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುವುದು ಲಿಪಿಕಾರನ ಸ್ವಭಾವ. ಗ್ರೀಕ್ ಬರೆದವನಿಗೂ ಅದೇ ಸ್ವಭಾವ, ಕನ್ನಡ ಬರೆದವನಿಗೂ ಅದೇ. ಡಿ. ಎಲ್. ನರಸಿಂಹಾಚಾರ್ ಅವರಂಥ ನಮ್ಮ ಹಿರಿಯರು ಗ್ರಂಥ ಸಂಪಾದನೆಯ ಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದಾಗ ಈ ಬಗೆಯ ಯೋಚನೆಯೇ ಅದರ ಬೆನ್ನೆಲುಬು.

ಬೆಂಗೆಲ್ ಅವರ ಗ್ರೀಕ್ ಹೊಸ ಒಡಂಬಡಿಕೆ 1734ರಲ್ಲಿ ಟ್ಯೂಬಿಂಗೆನ್‌ನಲ್ಲಿ ಅಚ್ಚಾಯಿತು. ಅದೇ ವರ್ಷ ವಿದ್ಯಾರ್ಥಿಗಳಿಗೆ ಕೈಗೆಟುಕುವ ಸಣ್ಣ ಆವೃತ್ತಿಯೂ ಬಂತು. ಮೇಷ್ಟ್ರ ಬುದ್ಧಿ ನೋಡಿ, ವಿದ್ವಾಂಸರಿಗೊಂದು, ಹುಡುಗರಿಗೊಂದು.

ಈ ದೊಡ್ಡ ಆವೃತ್ತಿಯ ಒಂದು ಪುಟ ಹೇಗಿದೆ ಎಂದು ಹೇಳುತ್ತೇನೆ. ಮೇಲೆ ಮುಖ್ಯ ಪಾಠ. ಅದು ಆಗ ಎಲ್ಲರೂ ಒಪ್ಪಿದ್ದ ರೂಢಿಯ ಪಾಠ. ಮೊದಲು ಎಲ್ಲೂ ಅಚ್ಚಾಗದ ಪಾಠವನ್ನು ಅಲ್ಲಿ ಸೇರಿಸುವುದಿಲ್ಲ ಎಂದು ಅವರು ಕಟ್ಟುಪಾಡು ಹಾಕಿಕೊಂಡಿದ್ದರು. ಕೆಳಗೆ ಅಂಚಿನಲ್ಲಿ ಆರಿಸಿದ ಪಾಠಾಂತರಗಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಗ್ರೀಕ್ ಅಕ್ಷರ. ಆಲ್ಫಾ ಇದ್ದರೆ ಇದೇ ಮೂಲ, ನನಗೆ ಅನುಮಾನ ಇಲ್ಲ ಎಂದರ್ಥ. ಬೀಟಾ ಇದ್ದರೆ ಪೂರ್ತಿ ಖಾತ್ರಿ ಇಲ್ಲ, ಆದರೂ ಮೇಲಿನ ಪಾಠಕ್ಕಿಂತ ಇದು ವಾಸಿ. ಗಾಮಾ ಇದ್ದರೆ ಎರಡೂ ಸಮ, ಹೇಳಲು ಬರುವುದಿಲ್ಲ. ಡೆಲ್ಟಾ ಇದ್ದರೆ ಮೇಲಿನದಕ್ಕಿಂತ ಕಡಿಮೆ. ಎಪ್ಸಿಲಾನ್ ಇದ್ದರೆ, ಯಾರೋ ಇದನ್ನು ಎತ್ತಿಹಿಡಿದಿದ್ದಾರೆ ಆದರೆ ಬಿಟ್ಟುಬಿಡಿ. ಅಷ್ಟೇ. ಐದು ಅಕ್ಷರ. ಒಬ್ಬ ವಿದ್ವಾಂಸ ತನ್ನ ಖಾತ್ರಿಗೆ ಅಂಕ ಹಾಕಿ ಓದುಗನ ಕೈಗೆ ಕೊಡುವುದು ಎಂಥ ಧೈರ್ಯದ ಕೆಲಸ! 'ನನಗೆ ಗೊತ್ತಿಲ್ಲ' ಎನ್ನುವುದಕ್ಕೂ ಅಲ್ಲಿ ಒಂದು ಅಕ್ಷರ ಇದೆ. ಶಾಲೆಯಲ್ಲಿ ಹುಡುಗರ ಬರಹಕ್ಕೆ ಅಂಕ ಹಾಕುತ್ತಿದ್ದ ಕೈ ತನ್ನ ತೀರ್ಮಾನಕ್ಕೂ ಅಂಕ ಹಾಕಿತು.

ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದಲ್ಲಿ ಮಾತ್ರ ಅವರು ಕಟ್ಟುಪಾಡು ಬಿಟ್ಟು ಮೇಲಿನ ಮುಖ್ಯ ಪಾಠವನ್ನೇ ತಿದ್ದಿದರು. ಅದಕ್ಕೆ ಬಲವಾದ ಕಾರಣ ಇತ್ತು. 1516ರಲ್ಲಿ ಇರಾಸ್ಮಸ್ ಎಂಬ ವಿದ್ವಾಂಸರು ಅವಸರದಲ್ಲಿ ಮೊದಲ ಗ್ರೀಕ್ ಆವೃತ್ತಿ ಹೊರತಂದಾಗ ಈ ಗ್ರಂಥಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಹಸ್ತಪ್ರತಿ. ಅದರ ಕೊನೆಯ ಹಾಳೆ ಕಳೆದುಹೋಗಿತ್ತು. ಕಳೆದುಹೋದ ವಚನಗಳನ್ನು ಇರಾಸ್ಮಸ್ ಲ್ಯಾಟಿನ್ನಿನಿಂದ ಗ್ರೀಕಿಗೆ ತಿರುಗಿಸಿ ಸೇರಿಸಿಬಿಟ್ಟರು. ಜನ ಇನ್ನೂರು ವರ್ಷ ಅದನ್ನೇ ಅಪೊಸ್ತಲನ ಮಾತು ಎಂದು ಓದಿದರು.

ಪುಸ್ತಕ ಬಂದದ್ದೇ ತಡ, ಎರಡು ಕಡೆಯಿಂದಲೂ ಏಟು ಬಿತ್ತು. ಪ್ರತಿಯೊಬ್ಬನೂ ಹೀಗೆ ಹೊಸ ಒಡಂಬಡಿಕೆಗೆ ಕೈ ಹಾಕಿದರೆ ಕೊನೆಗೆ ನಮಗೆ ಗೊತ್ತಿರುವ ಗ್ರಂಥವೇ ಉಳಿಯುವುದಿಲ್ಲ ಎಂದು ಹಳೆಯ ಮನಸ್ಸಿನವರು ಕೂಗಿದರು. ಬಾಸೆಲಿನ ವೆಟ್‌ಸ್ಟೈನ್ ಇದಕ್ಕೆ ಉಲ್ಟಾ. ಇವರು ಬಹಳ ಅಂಜಿದ್ದಾರೆ, ತಿದ್ದಬೇಕಾದಷ್ಟು ತಿದ್ದಿಲ್ಲ ಎಂದು ಟೀಕಿಸಿದರು. ಬೆಂಗೆಲ್ ಇಬ್ಬರಿಗೂ ಉತ್ತರ ಬರೆದರು.

ಅವರ ಅಂಜಿಕೆಯ ಬಗ್ಗೆ ವೆಟ್‌ಸ್ಟೈನ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯದ 7ನೇ ವಚನವನ್ನು ನೋಡಿ. ಪರಲೋಕದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು ಸಾಕ್ಷಿಗಳಿದ್ದಾರೆ, ಮೂವರೂ ಒಂದೇ ಎನ್ನುವ ಮಾತು ಅದು. ತ್ರಿಯೇಕ ದೇವರ ತತ್ತ್ವಕ್ಕೆ ಇಷ್ಟು ನೇರವಾದ ಆಧಾರ ಬೇರೆ ಇಲ್ಲ. ಆದರೆ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತು ಇಲ್ಲ. ಬೆಂಗೆಲ್ ಅದನ್ನು ಮುಚ್ಚಿಡಲಿಲ್ಲ. ಗ್ರೀಕ್ ಸಾಕ್ಷ್ಯ ಎಷ್ಟು ಬಡವಾಗಿದೆ ಎಂದು ಅವರೇ ವಿವರಿಸಿದರು. ಆದರೂ ವಚನವನ್ನು ಕೈಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಲ್ಯಾಟಿನ್ ಸಭಾಪಿತೃಗಳ, ಅಂದರೆ ಲ್ಯಾಟಿನ್ನಿನಲ್ಲಿ ಬರೆದ ಹಳೆಯ ಕ್ರೈಸ್ತ ಗುರುಗಳ, ಸಾಕ್ಷ್ಯದ ಮೇಲೆ ನಿಂತು, 8ನೇ ವಚನವನ್ನು ಮೊದಲು ಇಟ್ಟು 7ನೆಯದನ್ನು ಆಮೇಲೆ ಇಟ್ಟರೆ ಸರಿಹೋಗುತ್ತದೆ ಎಂದು ವಾದಿಸಿದರು. ಈಗಿನ ಆವೃತ್ತಿಗಳಲ್ಲಿ ಆ ಮಾತು ಅಡಿಟಿಪ್ಪಣಿಗೆ ಇಳಿದಿದೆ. ಇಳಿಸಿದವರು ಬಳಸಿದ್ದು ಬೆಂಗೆಲ್ ಕಲಿಸಿದ ಕ್ರಮವನ್ನೇ. ಸಾಕ್ಷ್ಯವನ್ನು ಪೂರ್ತಿ ಮುಂದಿಟ್ಟಿದ್ದರಿಂದ ಅವರ ತೀರ್ಮಾನವನ್ನು ಬಿಡುವುದಕ್ಕೂ ಅವರ ಪುಸ್ತಕವೇ ನೆರವಾಯಿತು. ನನಗೆ ಅವರ ಮೇಲಿನ ಗೌರವ ಈ ಜಾಗದಲ್ಲೇ ಜಾಸ್ತಿಯಾಗುತ್ತದೆ.

ಹಾಗಾದರೆ ಅವರ ಮೊದಲ ಕಳವಳ ಏನಾಯಿತು? ಇಷ್ಟು ವರ್ಷ ಹುಡುಕಿದ ಮೇಲೆ ಅವರಿಗೆ ಸಿಕ್ಕಿದ ಸಮಾಧಾನ ಏನೆಂದರೆ, ಪಾಠಾಂತರಗಳು ಎಷ್ಟೇ ಇರಲಿ, ನಂಬಿಕೆಯ ಬುಡ ಅಲುಗಾಡಿಸುವಂಥದ್ದು ಅವುಗಳಲ್ಲಿ ಇಲ್ಲ. 1721ರಲ್ಲಿ ರೊಯ್ಸ್ ಎಂಬ ಹಳೆಯ ಶಿಷ್ಯನಿಗೂ ಇದೇ ಚಿಂತೆ ಹತ್ತಿತ್ತು. ಅವನಿಗೆ ಬರೆದ ಕಾಗದದಲ್ಲಿ ಅವರು ಹೇಳಿದ ಮಾತಿನ ಸಾರ ಇದು: ಸಿಕ್ಕಿದ ರೊಟ್ಟಿಯನ್ನು ಸುಮ್ನೆ ತಿನ್ನು, ಬೀಸುಕಲ್ಲಿನಿಂದ ಬಿದ್ದ ಒಂದು ಹರಳು ಅಲ್ಲೊಮ್ಮೆ ಇಲ್ಲೊಮ್ಮೆ ಹಲ್ಲಿಗೆ ಸಿಕ್ಕಿತೆಂದು ತಲೆ ಕೆಡಿಸಿಕೊಳ್ಳಬೇಡ. ಶಿಷ್ಯನಿಗೆ ಹೀಗೆ ಬರೆದವರು ತಾವು ಮಾತ್ರ ಹರಳು ಆರಿಸುತ್ತಾ ಕೂತರು. ಗುರುವಾದವನು ಮಾಡಬೇಕಾದದ್ದು ಅದೇ ತಾನೆ? ಕಲಿಯುವವನಿಗೆ ಧೈರ್ಯ ಕೊಡಬೇಕು, ಕಷ್ಟದ ಕೆಲಸ ತಾನು ಹೊರಬೇಕು.

1741ರಲ್ಲಿ ಅವರು ಡೆಂಕೆನ್‌ಡಾರ್ಫ್ ಬಿಟ್ಟರು. ಹೆರ್ಬ್ರೆಕ್ಟಿಂಗೆನ್ ಎಂಬಲ್ಲಿ ಸಭೆಯ ಹಿರಿಯ ಹುದ್ದೆ ಸಿಕ್ಕಿತು. 1749ರಲ್ಲಿ ಆಲ್ಪಿರ್ಸ್‌ಬಾಕ್ ಮಠದ ಅಧಿಪತಿ ಎಂದು ನೇಮಕವಾಗಿ ಸ್ಟುಟ್‌ಗಾರ್ಟಿಗೆ ಬಂದರು. ಸೀಮೆಯ ಪ್ರತಿನಿಧಿ ಸಭೆಯಲ್ಲೂ ಕೂತರು. ಹುದ್ದೆಗಳ ಪಟ್ಟಿ ಅಷ್ಟು ಸಾಕು.

1742ರಲ್ಲಿ ಬಂದ 'ಗ್ನೋಮೋನ್' ಅವರ ಮೇರು ಕೃತಿ. ಬಿಸಿಲು ಗಡಿಯಾರದ ನೆರಳು ಬೀಳಿಸುವ ಕಡ್ಡಿಗೆ ಆ ಹೆಸರು. ಹೊಸ ಒಡಂಬಡಿಕೆಯ ಪೂರ್ತಿ ಗ್ರಂಥಕ್ಕೆ ಲ್ಯಾಟಿನ್ನಿನಲ್ಲಿ ಟಿಪ್ಪಣಿ. ತರಗತಿಯ ಟಿಪ್ಪಣಿಗಳೇ ಇಪ್ಪತ್ತು ವರ್ಷ ಮಾಗಿ ಈ ಪುಸ್ತಕವಾದವು. ಇದರ ಗುಣ ಬಿಗಿ. ಬೇರೆಯವರು ಹತ್ತು ಪುಟ ಬರೆಯುವ ಕಡೆ ಇವರು ಎರಡು ಸಾಲು ಬರೆಯುತ್ತಾರೆ. ಈ ಪದ ಇಲ್ಲೇಕೆ ಬಂತು, ಈ ಕ್ರಿಯಾಪದ ಭೂತಕಾಲದಲ್ಲಿ ಏಕಿದೆ, ಈ ಹೆಸರು ಮೊದಲೇಕೆ ಆ ಹೆಸರು ಆಮೇಲೇಕೆ, ಇಷ್ಟೇ. ಉಪದೇಶವನ್ನು ಓದುಗನಿಗೆ ಬಿಡುತ್ತಾರೆ. ನಿನ್ನನ್ನು ಪೂರ್ತಿ ಪಠ್ಯಕ್ಕೆ ಒಪ್ಪಿಸು, ಪಠ್ಯದಲ್ಲಿರುವುದನ್ನೆಲ್ಲ ನಿನಗೆ ಅನ್ವಯಿಸಿಕೋ ಎಂದು 1734ರ ಸಣ್ಣ ಆವೃತ್ತಿಯ ಮುನ್ನುಡಿಯಲ್ಲಿ ಹುಡುಗರಿಗೆ ಹೇಳಿದ್ದರಲ್ಲ, ಅದನ್ನು ಮಾಡಿ ತೋರಿಸಿದ್ದು ಈ ಪುಸ್ತಕ. ಇಂಗ್ಲೆಂಡಿನ ಜಾನ್ ವೆ‌ಸ್ಲಿ 1755ರಲ್ಲಿ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿದಾಗ ಬೆಂಗೆಲ್ ಅವರನ್ನು ಕ್ರೈಸ್ತ ಲೋಕದ ದೊಡ್ಡ ಬೆಳಕು ಎಂದು ಕರೆದು, ಇವರಿಂದಲೇ ಬಹಳಷ್ಟನ್ನು ತೆಗೆದುಕೊಂಡಿದ್ದೇನೆ ಎಂದು ಒಪ್ಪಿಕೊಂಡರು. ವೆಸ್ಲಿ ಶುರುಮಾಡಿದ ಮೆಥಡಿಸ್ಟ್ ಸಭೆಯ ಮೂಲಕ ಡೆಂಕೆನ್‌ಡಾರ್ಫಿನ ತರಗತಿಯ ಮಾತು ಲೋಕವೆಲ್ಲ ಸುತ್ತಿತು.

ಇನ್ನು ಒಂದು ಕಷ್ಟದ ವಿಷಯ ಇದೆ. ಅದನ್ನು ಬಿಟ್ಟು ಬೆಂಗೆಲ್ ಅವರ ಬಗ್ಗೆ ಮಾತಾಡುವುದು ಸರಿಯಲ್ಲ.

ಪಾಠಾಂತರದ ವಿಷಯದಲ್ಲಿ ಇಷ್ಟು ಎಚ್ಚರದ ಮನುಷ್ಯ ಲೋಕಾಂತ್ಯದ ತಾರೀಖು ಲೆಕ್ಕ ಹಾಕಿದರು. 1740ರಲ್ಲಿ ಪ್ರಕಟನೆ ಗ್ರಂಥಕ್ಕೆ ವಿವರಣೆ ಬರೆದರು, 1741ರಲ್ಲಿ ಬೈಬಲ್ಲಿನ ಕಾಲಗಣನೆಯ ಗ್ರಂಥ ಬರೆದರು. ಪ್ರಕಟನೆಯಲ್ಲಿ 666 ಎಂಬ ಸಂಖ್ಯೆ ಬರುತ್ತದೆ, 42 ತಿಂಗಳು ಎಂಬ ಅವಧಿಯೂ ಬರುತ್ತದೆ. 666 ವರ್ಷವೇ ಆ 42 ತಿಂಗಳು ಎಂದು ಅವರು ಹಿಡಿದರು. ಹಾಗೆ ಭಾಗಿಸಿದರೆ ಪ್ರವಾದನೆಯ ಒಂದು ತಿಂಗಳು ಎಂದರೆ ನಮ್ಮ 15 ವರ್ಷ ಮತ್ತು 6/7 ಭಾಗ. ಅಲ್ಲಿಂದ ಎಣಿಸುತ್ತಾ ಹೋಗಿ 1836ರ ಜೂನ್ 18ಕ್ಕೆ ಬಂದು ನಿಂತರು. ಅಂದು ಪ್ರಕಟನೆ ಗ್ರಂಥ ಹೇಳುವ ದುಷ್ಟಮೃಗದ ಆಳ್ವಿಕೆ ಮುಗಿದು ಹೊಸ ಯುಗ ಶುರುವಾಗುತ್ತದೆ ಎಂದು ಅವರ ನಂಬಿಕೆ. ಅಕ್ಷರಗಳ ಮೇಲಿನ ಅದೇ ಗಮನ ಇಲ್ಲಿ ದಾರಿ ತಪ್ಪಿತು. ಹೋಲಿಸಿ ನೋಡಲು ಎರಡನೆಯ ಪ್ರತಿ ಇಲ್ಲದ ಕಡೆ, ಭವಿಷ್ಯದ ವಿಷಯದಲ್ಲಿ, ಅವರು ಅಂಕಿಗಳನ್ನು ಬಹಳ ನಂಬಿದರು.

ಅವರು ಸತ್ತ ಮೇಲೆ ಈ ಲೆಕ್ಕ ವುರ್ಟೆಂಬರ್ಗಿನ ಭಕ್ತರ ಮನೆಮನೆಯ ಮಾತಾಯಿತು. ನೆಪೋಲಿಯನ್ ಬಂದ. 1816ರಲ್ಲಿ ಬೇಸಿಗೆಯೇ ಬರಲಿಲ್ಲ. ಇಂಡೊನೇಷ್ಯಾದ ತಂಬೊರಾ ಜ್ವಾಲಾಮುಖಿ ಸಿಡಿದ ಪರಿಣಾಮ ಅದು. ಬೆಳೆ ಹೋಯಿತು, ಬರ ಬಂತು. ಕೊನೆಯ ದಿನ ಹತ್ತಿರವಾಯಿತು ಎಂದು ನಂಬಿದ ಸಾವಿರಾರು ಕುಟುಂಬಗಳು 1817ರಲ್ಲಿ ದಾನ್ಯೂಬ್ ನದಿ ಹಿಡಿದು ರಷ್ಯಾದ ಕಡೆಗೆ, ಕಾಕಸಸ್ ಬೆಟ್ಟದ ಕಡೆಗೆ ಹೊರಟವು. ದಾರಿಯಲ್ಲಿ ಇಜ್ಮಾಯಿಲ್ ಎಂಬಲ್ಲಿ ಜ್ವರಕ್ಕೆ ತುಂಬಾ ಜನ ಸತ್ತರು. ಉಳಿದವರು ಜಾರ್ಜಿಯಾದಲ್ಲಿ ಹಳ್ಳಿ ಕಟ್ಟಿಕೊಂಡರು. ಜನ ಹೀಗೆ ಖಾಲಿಯಾಗುವುದನ್ನು ತಡೆಯಲು 1819ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರ ಕೊರ್ನ್‌ಟಾಲ್ ಎಂಬ ಸ್ವತಂತ್ರ ಭಕ್ತರ ಊರು ಕಟ್ಟಲು ರಾಜ ಅನುಮತಿ ಕೊಟ್ಟ. ಬರ ಮತ್ತು ಬಡತನ ಇಲ್ಲದಿದ್ದರೆ ಬರೀ ಲೆಕ್ಕಕ್ಕೆ ಯಾರೂ ಊರು ಬಿಡುತ್ತಿರಲಿಲ್ಲ. ಆದರೂ ಇಜ್ಮಾಯಿಲಿನಲ್ಲಿ ಸತ್ತವರ ಹೊರೆಯಲ್ಲಿ ಒಂದು ಪಾಲು ಆ ಲೆಕ್ಕದ ಮೇಲಿದೆ. ಬೆಂಗೆಲ್ ಅವರನ್ನು ಮೆಚ್ಚುವವರು ಇದನ್ನು ಹೇಳಲೇಬೇಕು.

ಅವರು ಬರೆದಿಟ್ಟಿದ್ದ ಇನ್ನೊಂದು ಮಾತನ್ನೂ ಹೇಳಬೇಕು. 1836 ಯಾವ ದೊಡ್ಡ ಬದಲಾವಣೆಯೂ ಇಲ್ಲದೆ ಕಳೆದುಹೋದರೆ ನನ್ನ ಲೆಕ್ಕದಲ್ಲಿ ಒಂದು ಮುಖ್ಯ ತಪ್ಪಿದೆ ಎಂದು ತಿಳಿಯಿರಿ, ಅದು ಎಲ್ಲಿದೆ ಎಂದು ಹುಡುಕಿ ಎಂದು ಅವರು ಬರೆದಿದ್ದರು. ತಾರೀಖು ಹೇಳಿದವರು ಲೋಕದಲ್ಲಿ ಬಹಳ ಜನ. ಹುಸಿಯಾದರೆ ತಪ್ಪು ನನ್ನದು ಎಂದು ಮೊದಲೇ ಬರೆದಿಟ್ಟವರು ಅಪರೂಪ.

1836ರ ಮಾತು ಬಂದಾಗ ನನಗೆ ಮಂಗಳೂರು ನೆನಪಾಗುತ್ತದೆ. ಬೆಂಗೆಲ್ ರೂಪಿಸಿದ ವುರ್ಟೆಂಬರ್ಗಿನ ಆ ಭಕ್ತಿಯ ವಾತಾವರಣದಿಂದಲೇ ಬಾಸೆಲ್ ಮಿಷನ್ನಿಗೆ ಬಹಳಷ್ಟು ಮಂದಿ ಬಂದರು. 1815ರಲ್ಲಿ ಅದು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಾದರೂ ಅದರ ಜನ ಬಹುಪಾಲು ವುರ್ಟೆಂಬರ್ಗಿನವರು. ಅದರ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, ಬೆಂಗೆಲ್ ಓದಿದ ಟ್ಯೂಬಿಂಗೆನ್‌ನಲ್ಲೇ ಓದಿದ ಹೆರ್ಮನ್ ಮೋಗ್ಲಿಂಗ್ ಇಂಡಿಯಾಕ್ಕೆ ಬಂದದ್ದು 1836ರಲ್ಲಿ. ಲೋಕ ಮುಗಿಯಲಿಲ್ಲ, ನಮಗೆ 1843ರಲ್ಲಿ ಮೋಗ್ಲಿಂಗ್ ಅವರ ಪತ್ರಿಕೆ 'ಮಂಗಳೂರ ಸಮಾಚಾರ' ಸಿಕ್ಕಿತು. ಆಮೇಲೆ ಮೋಗ್ಲಿಂಗ್ ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಅವರ ಗೆಳೆಯ, ಮಲಯಾಳದ ನಿಘಂಟುಕಾರ ಗುಂಡರ್ಟ್ ಕಲಿತದ್ದು ಮೌಲ್‌ಬ್ರಾನ್ ಮಠದ ಶಾಲೆಯಲ್ಲಿ, ಬೆಂಗೆಲ್ ಅವರ ಹುಡುಗರು ಮುಂದಿನ ತರಗತಿಗೆ ಹೋಗುತ್ತಿದ್ದ ಅದೇ ಶಾಲೆಯಲ್ಲಿ. ಗುಂಡರ್ಟರ ಮೊಮ್ಮಗ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. 1943ರಲ್ಲಿ ಬಂದ ಹೆಸ್ಸೆಯ ಕೊನೆಯ ದೊಡ್ಡ ಕಾದಂಬರಿಯಲ್ಲಿ ಬೆಂಗೆಲ್ ಅವರ ಮಾತು ಬರುತ್ತದೆ.

ಬೆಂಗೆಲ್ ಕೊನೆಗಾಲದಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ಅನುವಾದಿಸುತ್ತಿದ್ದರು. ಕೆಲಸದ ನಡುವೆ ಯಾರೋ ಕರೆದರೆ ಎದ್ದು ಹೋಗುವ ಹಾಗೆ ಸಾಯಬೇಕು, ಸಾವನ್ನು ದೊಡ್ಡ ಸಮಾರಂಭ ಮಾಡಬಾರದು ಎಂದು ಅವರ ಆಸೆ. ಕೊನೆಯ ದಿನಗಳಲ್ಲೂ ಕರಡಚ್ಚು ತಿದ್ದುತ್ತಿದ್ದರು. ಪುಸ್ತಕ ಹೊರಬಂದದ್ದು ಮರುವರ್ಷ, 1753ರಲ್ಲಿ.

ಅವರ ಕೆಲಸವನ್ನು ಮುಂದುವರಿಸಿದವರಲ್ಲಿ ಒಬ್ಬರ ಹೆಸರು ಹೇಳಿ ನಿಲ್ಲಿಸುತ್ತೇನೆ. ಎಬರ್‌ಹಾರ್ಡ್ ನೆಸ್ಲೆ. ಅವರೂ ಸ್ಟುಟ್‌ಗಾರ್ಟಿನವರು, ಅವರೂ ಮೇಷ್ಟ್ರು. ಮೊದಲು ಉಲ್ಮ್ ಊರಿನ ಶಾಲೆಯಲ್ಲಿ, ಆಮೇಲೆ ಮೌಲ್‌ಬ್ರಾನ್‌ನಲ್ಲಿ ಪಾಠ ಹೇಳಿದರು. ಬೆಂಗೆಲ್ ಅವರ ವಿದ್ವತ್ತಿನ ಬಗ್ಗೆ 1893ರಲ್ಲಿ ಬರೆದರು. 1898ರಲ್ಲಿ ತಮ್ಮದೇ ಗ್ರೀಕ್ ಹೊಸ ಒಡಂಬಡಿಕೆಯನ್ನು ಸಣ್ಣ ಆಕಾರದಲ್ಲಿ, ವಿದ್ಯಾರ್ಥಿಗಳು ಕೊಳ್ಳುವ ಹಾಗೆ ಹೊರತಂದರು. ಅದೇ ಪುಸ್ತಕ ಆವೃತ್ತಿಯ ಮೇಲೆ ಆವೃತ್ತಿ ಕಂಡು ಇವತ್ತಿಗೂ ಲೋಕದ ವಿದ್ವಾಂಸರ ಕೈಯಲ್ಲಿದೆ. ಅದರ ಜೊತೆಗಾರ ಆವೃತ್ತಿಯೊಂದು ಅನುವಾದಕರಿಗಾಗಿಯೇ 1966ರಲ್ಲಿ ಬಂತು. ಅದರಲ್ಲಿ ಮುಖ್ಯವಾದ ಪಾಠಾಂತರಗಳ ಪಕ್ಕದಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರ ಇರುತ್ತದೆ. ಎ ಎಂದರೆ ಖಾತ್ರಿ, ಡಿ ಎಂದರೆ ಬಹಳ ಅನುಮಾನ. ಬೈಬಲ್ ಅನುವಾದಕ್ಕೆ ಕೂತವರು ಇವತ್ತಿಗೂ ಆ ಅಕ್ಷರ ನೋಡಿಕೊಂಡೇ ಪಾಠವನ್ನು ಆರಿಸುತ್ತಾರೆ.

ಈಗ ನಿಮ್ಮ ಪ್ರಶ್ನೆಗಳು. ಓಲೆಗರಿ ಕೆಲಸ ಮಾಡಿದವರು ಮೊದಲು ಕೇಳಿ, ಮೂಲಪಾಠದ ಆಯ್ಕೆಯಲ್ಲಿ ನಿಮ್ಮ ಅನುಭವವನ್ನೂ ಇಲ್ಲಿ ಹೇಳಿದರೆ ಎಲ್ಲರಿಗೂ ಉಪಯೋಗವಾಗುತ್ತದೆ.